ಮೆದುಳಿನ ಸ್ವಂತ ಅಫೀಮು ಮತ್ತು ಎರಡನೆಯ ಲೋಟ

ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಮೊದಲು ಬಳಕೆಗೆ ಬಂದದ್ದು ಹೆರಾಯಿನ್ ಚಟಕ್ಕೆ ಬಿದ್ದವರಿಗಾಗಿ. ಹೆರಾಯಿನ್, ಮಾರ್ಫಿನ್‌ಗಳು ಮೆದುಳಿನ ನರಕೋಶಗಳ ಮೇಲಿನ ಯಾವ ಗ್ರಾಹಕಗಳಿಗೆ, ಎಂದರೆ ರಾಸಾಯನಿಕ ಸಂದೇಶ ಹಿಡಿಯುವ ಅಣುಗಳಿಗೆ, ಹೋಗಿ ಅಂಟಿಕೊಳ್ಳುತ್ತವೆಯೋ, ಆ ಗ್ರಾಹಕಗಳನ್ನು ಈ ಮಾತ್ರೆ ಮುಂಚೆಯೇ ಹಿಡಿದು ಕೂತುಬಿಡುತ್ತದೆ. ಹಾಗೆ ಕೂತ ಮೇಲೆ ಹೆರಾಯಿನ್ ಚುಚ್ಚಿಕೊಂಡರೂ ಎಂದಿನ ಅಮಲು ಏರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 1984ರಲ್ಲಿ ಒಪ್ಪಿಗೆ ಕೊಟ್ಟಿತು. ಹತ್ತು ವರ್ಷ ಕಳೆದು, 1994ರಲ್ಲಿ, ಅದೇ ಮಾತ್ರೆಯನ್ನು ಮದ್ಯವ್ಯಸನಕ್ಕೂ ಕೊಡಬಹುದು ಎಂದಿತು.

ವಿಚಿತ್ರ ಇರುವುದು ಇಲ್ಲಿ. ಮದ್ಯದಲ್ಲಿರುವ ಎಥನಾಲ್ ತೀರಾ ಪುಟ್ಟ ಅಣು: ಎರಡು ಇಂಗಾಲ, ಒಂದು ಆಮ್ಲಜನಕ, ಆರು ಜಲಜನಕ. ಮಾರ್ಫಿನ್‌ನಂತೆ ಓಪಿಯಾಯ್ಡ್ (ಅಫೀಮಿನ ಬಳಗದ ವಸ್ತುಗಳ) ಗ್ರಾಹಕದಲ್ಲಿ ಹೋಗಿ ಕೂರುವ ಮೈಕಟ್ಟೇ ಅದಕ್ಕಿಲ್ಲ. ಅದು ಕೈಯಾಡಿಸುವುದು ಬೇರೆ ಕಡೆ. ನರಕೋಶಗಳನ್ನು ಸುಮ್ಮನಾಗಿಸುವ ಗಾಬಾ ಗ್ರಾಹಕಗಳಿಗೆ ಇಂಬು ಕೊಡುತ್ತದೆ, ಅವುಗಳನ್ನು ಎಚ್ಚರಿಸುವ ಗ್ಲುಟಮೇಟ್ ಗ್ರಾಹಕಗಳನ್ನು ಮಂಕಾಗಿಸುತ್ತದೆ. ನಾಲಗೆ ತೊದಲುವುದು, ಹೆಜ್ಜೆ ತಪ್ಪುವುದು, ನಿದ್ದೆ ಒತ್ತರಿಸಿ ಬರುವುದು ಬಹುಮಟ್ಟಿಗೆ ಇವುಗಳಿಂದಲೇ. ಹಾಗಿದ್ದ ಮೇಲೆ, ಮದ್ಯ ಮುಟ್ಟಲೂ ಆಗದ ಗ್ರಾಹಕವೊಂದನ್ನು ಮುಚ್ಚಿಟ್ಟರೆ ಕುಡಿತವೇಕೆ ಕಡಿಮೆಯಾಗಬೇಕು?

ಇದಕ್ಕೆ 1970ರಲ್ಲಿ ವರ್ಜೀನಿಯಾ ಡೇವಿಸ್ ಮತ್ತು ಮೈಕೆಲ್ ವಾಲ್ಶ್ ಒಂದು ಸೊಗಸಾದ ಉತ್ತರ ಮುಂದಿಟ್ಟಿದ್ದರು. ಮದ್ಯ ದೇಹದಲ್ಲಿ ಒಡೆದಾಗ ಅಸಿಟಾಲ್ಡಿಹೈಡ್ ಆಗುತ್ತದೆ. ಇದು ಮೆದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕ ಜೀರ್ಣವಾಗುವ ಹಾದಿಗೆ ಅಡ್ಡ ಬರುತ್ತದೆ. ಅದರಿಂದ ಮಾರ್ಫಿನ್‌ನ ಹತ್ತಿರದ ಸಂಬಂಧಿಗಳಾದ ರಾಸಾಯನಿಕಗಳು ಹುಟ್ಟುತ್ತವೆ ಎಂಬುದು ಅವರ ಊಹೆ. ಅಂದರೆ ಕುಡುಕನ ತಲೆಯೊಳಗೇ ಅಫೀಮು ತಯಾರಾಗುತ್ತಿದೆ! ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಹಾಗೆ ಹುಟ್ಟುವ ವಸ್ತುವಿನ ಪ್ರಮಾಣ ಎಷ್ಟು ಅತ್ಯಲ್ಪವೆಂದರೆ, ಕುಡಿತದಂಥ ದೊಡ್ಡ ಸಂಗತಿಯ ಹೊಣೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ಕಷ್ಟವಾಯಿತು. ಊಹೆ ಹಿನ್ನೆಲೆಗೆ ಸರಿಯಿತು.

ನಿಜವಾದ ಉತ್ತರ ಇದಕ್ಕಿಂತ ಸರಳ, ಜೊತೆಗೆ ಹೆಚ್ಚು ಬೆರಗಿನದು. ಮದ್ಯ ಅಫೀಮನ್ನು ಹೊಸದಾಗಿ ತಯಾರಿಸಬೇಕಾಗಿಯೇ ಇಲ್ಲ. ಮೆದುಳಿನಲ್ಲಿ ಅದರ ದಾಸ್ತಾನು ಮೊದಲಿನಿಂದಲೂ ಇದೆ.

1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮೆದುಳಿನಲ್ಲಿ ಓಪಿಯಾಯ್ಡ್ ಗ್ರಾಹಕಗಳಿರುವುದನ್ನು ತೋರಿಸಿದರು. ಅದೇ ವರ್ಷ ಇನ್ನೆರಡು ಪ್ರಯೋಗಾಲಯಗಳೂ ಇದೇ ಮಾತು ಹೇಳಿದವು. ಗಸಗಸೆ ಗಿಡದ ಹಾಲಿಗಾಗಿ ಮೆದುಳು ಗ್ರಾಹಕ ಇಟ್ಟುಕೊಂಡಿರಲಾರದು, ಅದರದ್ದೇ ಸ್ವಂತ ವಸ್ತು ಏನೋ ಇರಲೇಬೇಕು ಎಂಬ ತರ್ಕ ಸಹಜವಾಗಿ ಹುಟ್ಟಿತು. 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೊಸ್ಟರ್‌ಲಿಟ್ಸ್ ಹಂದಿಯ ಮೆದುಳಿನಿಂದ ಆ ವಸ್ತುವನ್ನು ಬೇರ್ಪಡಿಸಿದರು. ಕೇವಲ ಐದು ಅಮೈನೋ ಆಮ್ಲಗಳ ಆ ಪುಟ್ಟ ಸರಪಳಿಗೆ ಎನ್‌ಕೆಫಲಿನ್ ಎಂದು ಹೆಸರಾಯಿತು. ಹಿಂದೆಯೇ 31 ಅಮೈನೋ ಆಮ್ಲಗಳ ಬೀಟಾ ಎಂಡಾರ್ಫಿನ್ ಸಿಕ್ಕಿತು, ಆ ದಶಕ ಮುಗಿಯುವ ಹೊತ್ತಿಗೆ ಡೈನಾರ್ಫಿನ್ ಕೂಡ.

ಈ ಮೂವರನ್ನು ಒಂದೇ ಮನೆಯವರೆಂದು ಕರೆಯುವುದು ರೂಢಿ. ಆದರೆ ಸ್ವಭಾವ ಒಂದೇ ಅಲ್ಲ. ಗ್ರಾಹಕಗಳಲ್ಲಿ ಮುಖ್ಯವಾಗಿ ಮೂರು ಬಗೆ: ಮ್ಯೂ, ಡೆಲ್ಟಾ, ಕಪ್ಪಾ. ಎಂಡಾರ್ಫಿನ್ ಮತ್ತು ಎನ್‌ಕೆಫಲಿನ್‌ಗಳ ಓಡಾಟ ಮೊದಲ ಎರಡರ ಕಡೆಗೆ. ಅಲ್ಲಿ ಅವು ನೋವನ್ನು ತಣಿಸುತ್ತವೆ, ಹಿತ ಕೊಡುತ್ತವೆ. ಮಾರ್ಫಿನ್ ಕೆಲಸ ಮಾಡುವುದೂ ಪ್ರಧಾನವಾಗಿ ಮ್ಯೂ ಮೂಲಕವೇ. ಡೈನಾರ್ಫಿನ್‌ನ ಒಲವು ಮಾತ್ರ ಕಪ್ಪಾ ಕಡೆಗೆ. ಕಪ್ಪಾ ಕೆರಳಿದರೂ ನೋವು ತಗ್ಗಬಹುದು, ಆದರೆ ಮನಸ್ಸು ಮುದುಡುತ್ತದೆ. ಕಾರಣವಿಲ್ಲದ ಬೇಸರ, ಕಳವಳ ಆವರಿಸುತ್ತದೆ. ಈ ಡೈನಾರ್ಫಿನ್ ಕಥೆಯ ಎರಡನೆಯ ಭಾಗದಲ್ಲಿ ಮತ್ತೆ ಬರುತ್ತದೆ.

ಮೊದಲು ಹಿತದ ಕಡೆಯ ಯಂತ್ರವನ್ನು ಹತ್ತಿರದಿಂದ ನೋಡೋಣ. ಮೆದುಳಿನ ನಡುಭಾಗದಲ್ಲಿ, ಬುಡಕ್ಕೆ ಹತ್ತಿರ, ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶ ಎಂಬ ಸಣ್ಣ ಜಾಗವಿದೆ. ಡೋಪಮೈನ್ ನರಕೋಶಗಳ ತವರು ಇದು. ಇಲ್ಲಿಂದ ಹೊರಟ ತಂತುಗಳು ಮುಂದಕ್ಕೆ ಸಾಗಿ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬಲ್ಲಿ ಡೋಪಮೈನ್ ಸುರಿಸುತ್ತವೆ. ಆಗ ಮೆದುಳು ಈಗ ನಡೆದದ್ದು ಮುಖ್ಯ, ಇದನ್ನು ನೆನಪಿಡು, ಮತ್ತೆ ಮಾಡು ಎಂದು ಗುರುತು ಹಾಕಿಕೊಳ್ಳುತ್ತದೆ. ಆದರೆ ಈ ನರಕೋಶಗಳು ಮನಬಂದಂತೆ ಸುರಿಸುವ ಹಾಗಿಲ್ಲ. ಪಕ್ಕದಲ್ಲೇ ಗಾಬಾ ನರಕೋಶಗಳು ಕೂತು ಅವುಗಳನ್ನು ಸದಾ ಹದ್ದುಬಸ್ತಿನಲ್ಲಿ ಇಡುತ್ತವೆ. ಮ್ಯೂ ಗ್ರಾಹಕಗಳು ದಟ್ಟವಾಗಿರುವುದು ಈ ಕಾವಲಿನ ನರಕೋಶಗಳ ಮೇಲೆ. ಎಂಡಾರ್ಫಿನ್ ಬಂದು ಮ್ಯೂ ಗ್ರಾಹಕಕ್ಕೆ ಅಂಟಿದರೆ ಆ ನರಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ದ್ವಾರಗಳು ತೆರೆಯುತ್ತವೆ, ಕ್ಯಾಲ್ಸಿಯಂ ದ್ವಾರಗಳು ಮುಚ್ಚುತ್ತವೆ, ಅದರ ಸದ್ದಡಗುತ್ತದೆ. ತರಗತಿಯಿಂದ ಮೇಷ್ಟ್ರು ಹೊರಗೆ ಹೋದ ಮೇಲೆ ಗಲಾಟೆ ಮಾಡಿ ಎಂದು ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡೋಪಮೈನ್ ನರಕೋಶಗಳದ್ದೂ ಅದೇ ಪಾಡು.

ಹೀಗಾಗಿ ಸುಮ್ಮನಾಗಿಸುವ ಗುಣವೇ ಇರುವ ಓಪಿಯಾಯ್ಡ್‌ಗಳು ಒಟ್ಟು ಪರಿಣಾಮದಲ್ಲಿ ಉತ್ತೇಜಕಗಳಾಗಿ ತೋರುತ್ತವೆ. ಮದ್ಯ ಒಳಗೆ ಹೋದಾಗ ಎಂಡಾರ್ಫಿನ್, ಎನ್‌ಕೆಫಲಿನ್‌ಗಳು ಬಿಡುಗಡೆಯಾಗುತ್ತವೆ, ಅವು ಕಾವಲನ್ನು ಸಡಿಲಿಸುತ್ತವೆ, ಡೋಪಮೈನ್ ಏರುತ್ತದೆ. ಮದ್ಯ ಡೋಪಮೈನ್ ನರಕೋಶಗಳನ್ನು ನೇರವಾಗಿಯೂ ಸ್ವಲ್ಪ ಕೆರಳಿಸುತ್ತದೆ ಎಂಬುದು ಬೇರೆ ಮಾತು. ಆದರೆ ಇಲಿಗಳಿಗೆ ನಾಲ್ಟ್ರೆಕ್ಸೋನ್ ಕೊಟ್ಟು ಮದ್ಯ ಕುಡಿಯಲು ಬಿಟ್ಟಾಗ ಅಕಂಬೆನ್ಸ್‌ನಲ್ಲಿ ಡೋಪಮೈನ್ ಎಂದಿನಂತೆ ಏರಲಿಲ್ಲ. ಓಪಿಯಾಯ್ಡ್ ಹಾದಿಯ ಪಾಲು ಚಿಕ್ಕದಲ್ಲ ಎಂಬುದಕ್ಕೆ ಅದೇ ಸಾಕ್ಷಿ. 2000ದಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮ್ಯೂ ಗ್ರಾಹಕದ ಜೀನ್ ಅನ್ನೇ ತೆಗೆದುಹಾಕಿದ ಸುಂಡಿಲಿಗಳ ತಳಿಗೆ ಮದ್ಯ ಪಡೆಯುವ ಅವಕಾಶ ಕೊಟ್ಟು ನೋಡಿದರು. ಅವು ಅದಕ್ಕಾಗಿ ಶ್ರಮ ಪಡಲಿಲ್ಲ.

ಇಲ್ಲಿ ಡೋಪಮೈನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದನ್ನು ಸುಖದ ರಾಸಾಯನಿಕ ಎಂದು ಬರೆದು ಬರೆದು ಎಲ್ಲರಿಗೂ ಅದೇ ರೂಢಿಯಾಗಿದೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ದಶಕಗಳಿಂದ ತೋರಿಸುತ್ತಿರುವುದು ಬೇರೆಯೇ. ಸಕ್ಕರೆ ನೀರು ನಾಲಗೆಗೆ ತಾಗಿದ ಇಲಿ ತುಟಿ ಸವರಿಕೊಳ್ಳುತ್ತದೆ. ಅದರ ಮುಖದಲ್ಲೇ ರುಚಿ ಹಿಡಿಸಿದ್ದು ಕಾಣುತ್ತದೆ. ಡೋಪಮೈನ್ ಹೆಚ್ಚಿಸಿದರೆ ಇಲಿ ಸಿಹಿಗಾಗಿ ಹೆಚ್ಚು ಹಾತೊರೆಯುತ್ತದೆ, ಆದರೆ ಆ ತುಟಿ ಸವರುವಿಕೆ ಹೆಚ್ಚುವುದಿಲ್ಲ. ಅಕಂಬೆನ್ಸ್‌ನೊಳಗಿನ ಒಂದು ಘನ ಮಿಲಿಮೀಟರ್‌ನಷ್ಟು ಜಾಗದಲ್ಲಿ ಮ್ಯೂ ಗ್ರಾಹಕಗಳನ್ನು ಕೆರಳಿಸಿದರೆ ಅದು ಹೆಚ್ಚುತ್ತದೆ. ಆಸೆ ಬೇರೆ, ಆಸ್ವಾದ ಬೇರೆ. ಆಸ್ವಾದದ ಕೆಲಸ ಬಹುಪಾಲು ಓಪಿಯಾಯ್ಡ್‌ಗಳದ್ದು. ಅವೇ ಡೋಪಮೈನ್ ಮೂಲಕ ಆಸೆಗೂ ನೀರೆರೆಯುತ್ತವೆ. ಕುಡಿತದಲ್ಲಿ ಎರಡೂ ಒಟ್ಟಿಗೆ ಶುರುವಾಗುತ್ತವೆ. ವರ್ಷಗಳು ಕಳೆದಂತೆ ಆಸ್ವಾದ ಬತ್ತಿದರೂ ಆಸೆ ಮಾತ್ರ ಉಳಿದುಬಿಡಬಲ್ಲದು ಎಂಬುದನ್ನು ಚಟಕ್ಕೆ ಬಿದ್ದ ಯಾರನ್ನು ಕೇಳಿದರೂ ಹೇಳುತ್ತಾರೆ.

ಇಲಿಗಳ ಮಾತಾಯಿತು. ಮನುಷ್ಯರ ಮೆದುಳಿನಲ್ಲಿ ಮದ್ಯ ಎಂಡಾರ್ಫಿನ್ ಬಿಡುಗಡೆ ಮಾಡಿಸುತ್ತದೆ ಎಂದು ಕಣ್ಣಾರೆ ಕಂಡವರು ಯಾರು? ಇದಕ್ಕೆ 2012ರವರೆಗೆ ಕಾಯಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಜೆನಿಫರ್ ಮಿಚೆಲ್ ಮತ್ತು ಸಂಗಡಿಗರು ವಿಪರೀತ ಕುಡಿಯುವ 13 ಜನರನ್ನೂ ಹಾಗಲ್ಲದ 12 ಜನರನ್ನೂ ವಿಕಿರಣದ ಜಾಡು ಹಿಡಿದು ಮೆದುಳಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿದರು. ಅವರು ಬಳಸಿದ ಉಪಾಯ ಚೊಕ್ಕವಾಗಿತ್ತು. ಕಾರ್ಫೆಂಟನಿಲ್ ಎಂಬುದು ಮಾರ್ಫಿನ್‌ಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂದು ಹೆಸರಾದ ಓಪಿಯಾಯ್ಡ್. ಮ್ಯೂ ಗ್ರಾಹಕಕ್ಕೆ ಗಟ್ಟಿಯಾಗಿ ಅಂಟುತ್ತದೆ. ಅದಕ್ಕೆ ವಿಕಿರಣ ಸೂಸುವ ಇಂಗಾಲವನ್ನು ಜೋಡಿಸಿ, ದೇಹಕ್ಕೆ ಯಾವ ಪರಿಣಾಮವೂ ತಟ್ಟದಷ್ಟು ಕಡಿಮೆ ಪ್ರಮಾಣದಲ್ಲಿ ರಕ್ತನಾಳಕ್ಕೆ ಬಿಟ್ಟರು. ಈ ಇಂಗಾಲದ ವಿಕಿರಣ ಇಪ್ಪತ್ತು ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಎಲ್ಲವೂ ಗಡಿಯಾರ ನೋಡಿಕೊಂಡೇ ಆಗಬೇಕು. ಮೊದಲ ಚಿತ್ರದಲ್ಲಿ ಖಾಲಿಯಿರುವ ಮ್ಯೂ ಗ್ರಾಹಕಗಳೆಲ್ಲ ಬೆಳಗುತ್ತವೆ. ಆಮೇಲೆ ಕುಡಿಯಲು ಮದ್ಯ ಕೊಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಈ ಮಧ್ಯೆ ಎಂಡಾರ್ಫಿನ್ ಬಿಡುಗಡೆಯಾಗಿದ್ದರೆ ಅದು ಗ್ರಾಹಕಗಳನ್ನು ತುಂಬಿಕೊಂಡಿರುತ್ತದೆ, ಕಾರ್ಫೆಂಟನಿಲ್‌ಗೆ ಜಾಗ ಸಿಗುವುದಿಲ್ಲ, ಆ ಭಾಗ ಮಸುಕಾಗುತ್ತದೆ.

ಎರಡು ಜಾಗಗಳು ಮಸುಕಾದವು: ನ್ಯೂಕ್ಲಿಯಸ್ ಅಕಂಬೆನ್ಸ್, ಮತ್ತು ಹಣೆಯ ಹಿಂದೆ ಕಣ್ಣಿನ ಗೂಡಿನ ಮೇಲ್ಗಡೆ ಇರುವ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್. ಯಾವುದಕ್ಕೆ ಎಷ್ಟು ಬೆಲೆ ಎಂದು ತೂಗಿ ನೋಡುವ ಭಾಗ ಈ ಎರಡನೆಯದು. ಅಕಂಬೆನ್ಸ್‌ನಲ್ಲಿ ಹೆಚ್ಚು ಎಂಡಾರ್ಫಿನ್ ಬಿಡುಗಡೆಯಾದವರು ಹೆಚ್ಚು ಹಿತವಾಯಿತು ಎಂದರು; ಇದು ಎರಡೂ ಗುಂಪಿನಲ್ಲಿ ಒಂದೇ. ವ್ಯತ್ಯಾಸ ಕಂಡದ್ದು ಕಾರ್ಟೆಕ್ಸ್‌ನಲ್ಲಿ. ಅಲ್ಲಿ ಎಂಡಾರ್ಫಿನ್ ಹೆಚ್ಚಿದಂತೆಲ್ಲ ಅಮಲೂ ಹೆಚ್ಚಾಗಿ ಏರಿತು ಎಂದು ಹೇಳಿದವರು ವಿಪರೀತ ಕುಡಿಯುವವರು ಮಾತ್ರ. ಒಂದೇ ಲೋಟ ಒಬ್ಬರ ಮೆದುಳಿಗೆ ಕೊಡುವುದೇ ಒಂದು, ಇನ್ನೊಬ್ಬರ ಮೆದುಳಿಗೆ ಕೊಡುವುದೇ ಇನ್ನೊಂದು. ಆ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ ವರ್ಷಗಟ್ಟಲೆ ಕುಡಿದು ಬಂದದ್ದೋ ಎಂಬುದನ್ನು ಇಪ್ಪತ್ತೈದು ಜನರ ಒಂದು ಅಧ್ಯಯನ ತೀರ್ಮಾನಿಸಲಾರದು.

ಈಗ ಮಾತ್ರೆಯ ಕಡೆಗೆ ಬರೋಣ. 1980ರಲ್ಲೇ ಕೋತಿಗಳಲ್ಲಿ ನಾಲ್ಟ್ರೆಕ್ಸೋನ್ ಮದ್ಯಸೇವನೆಯನ್ನು ತಗ್ಗಿಸಿದ್ದು ವರದಿಯಾಗಿತ್ತು. ಫಿಲಡೆಲ್ಫಿಯಾದಲ್ಲಿ ಜೋಸೆಫ್ ವೋಲ್ಪಿಚೆಲ್ಲಿ ಮದ್ಯವ್ಯಸನಿಗಳಾಗಿದ್ದ 70 ಮಂದಿ ಮಾಜಿ ಸೈನಿಕರಿಗೆ ಹನ್ನೆರಡು ವಾರ ಇದನ್ನು ಕೊಟ್ಟು ನೋಡಿದರು. ಅರ್ಧದಷ್ಟು ಜನಕ್ಕೆ ಔಷಧ, ಉಳಿದವರಿಗೆ ಹುಸಿಮಾತ್ರೆ. 1992ರಲ್ಲಿ ಫಲಿತಾಂಶ ಬಂತು. ಹುಸಿಮಾತ್ರೆ ನುಂಗಿದವರಲ್ಲಿ ಶೇಕಡ 54 ಮಂದಿ ಮತ್ತೆ ಹಳೆಯ ಕುಡಿತಕ್ಕೆ ಜಾರಿದ್ದರು. ನಾಲ್ಟ್ರೆಕ್ಸೋನ್ ನುಂಗಿದವರಲ್ಲಿ ಶೇಕಡ 23. ಸಾಮಾನ್ಯವಾಗಿ ಎಲ್ಲರೂ ಉದ್ಧರಿಸುವುದು ಈ ಅಂಕಿಗಳನ್ನೇ. ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು ಅದೇ ವರದಿಯ ಇನ್ನೊಂದು ಲೆಕ್ಕ. ಚಿಕಿತ್ಸೆಯ ನಡುವೆ ಹೇಗೋ ಒಮ್ಮೆ ಮದ್ಯ ಮುಟ್ಟಿಯೇಬಿಟ್ಟವರು ಎರಡೂ ಗುಂಪಿನಲ್ಲಿದ್ದರು. ಹುಸಿಮಾತ್ರೆಯ ಗುಂಪಿನಲ್ಲಿ ಅಂಥವರು 20 ಮಂದಿ. ಅವರಲ್ಲಿ 19 ಜನ ಪೂರ್ತಿ ಕುಡಿತಕ್ಕೆ ಮರಳಿದರು. ನಾಲ್ಟ್ರೆಕ್ಸೋನ್ ಗುಂಪಿನಲ್ಲಿ ಅಂಥವರು 16 ಮಂದಿ, ಮರಳಿದವರು 8.

ಮೊದಲ ಗುಟುಕು ಕುಡಿದವರ ಸಂಖ್ಯೆ ಎರಡೂ ಕಡೆ ಸುಮಾರು ಅಕ್ಕಪಕ್ಕದಲ್ಲೇ ಇದೆ, ಗಮನಿಸಿ. ಮಾತ್ರೆ ಬದಲಿಸಿದ್ದು ಮೊದಲ ಲೋಟದ ನಂತರ ಏನಾಗುತ್ತದೆ ಎಂಬುದನ್ನು. ಮೊದಲ ಲೋಟಕ್ಕೆ ಗೆಳೆಯರ ಒತ್ತಾಯ, ಸಂಜೆಯ ಹೊತ್ತು, ಮನೆಯ ಜಗಳ, ಸುಮ್ಮನೆ ಅಭ್ಯಾಸ, ಹೀಗೆ ನೂರು ಕಾರಣ. ಎರಡನೆಯದಕ್ಕೆ ಅಷ್ಟೊಂದು ಕಾರಣ ಬೇಕಾಗಿಲ್ಲ; ಮೊದಲನೆಯದೇ ಅದನ್ನು ಕೇಳುತ್ತದೆ. ಕುಡಿದದ್ದು ಎಂಡಾರ್ಫಿನ್ ಆಗಿ ತಟ್ಟಿ, ಅದು ಮತ್ತಷ್ಟು ಬೇಕು ಎಂಬ ಬಯಕೆಯಾಗಿ ತಿರುಗುವ ಈ ಕೊಂಡಿಯಲ್ಲಿ ಓಪಿಯಾಯ್ಡ್ ಗ್ರಾಹಕಗಳು ಕೂತಿವೆ. ಅವನ್ನು ಮುಚ್ಚಿದಾಗ ಕುಡಿಯುವವರು ಹೇಳುವ ಮಾತೂ ಇದಕ್ಕೆ ಹೊಂದುತ್ತದೆ: ಕುಡಿದೆ, ಆದರೆ ಅದರಲ್ಲಿ ಅಂಥದ್ದೇನೂ ಅನ್ನಿಸಲಿಲ್ಲ.

ಇದು ಡೈಸಲ್ಫಿರಾಮ್‌ಗಿಂತ ಪೂರ್ತಿ ಭಿನ್ನವಾದ ದಾರಿ. ಡೈಸಲ್ಫಿರಾಮ್ ನುಂಗಿ ಕುಡಿದರೆ ಅಸಿಟಾಲ್ಡಿಹೈಡ್ ಒಡೆಯದೆ ಶೇಖರವಾಗಿ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಒದ್ದಾಡಬೇಕಾಗುತ್ತದೆ. ಅದು ಹೆದರಿಸಿ ತಡೆಯುವ ಔಷಧ. ನಾಲ್ಟ್ರೆಕ್ಸೋನ್ ಹೆದರಿಸುವುದಿಲ್ಲ, ಶಿಕ್ಷಿಸುವುದಿಲ್ಲ. ಬಹುಮಾನವನ್ನು ಸಪ್ಪೆ ಮಾಡುತ್ತದೆ, ಅಷ್ಟೆ. ಹಾಗೆಂದು ಅದನ್ನು ನುಂಗಿದವರಿಗೆ ಮದ್ಯ ಏರುವುದೇ ಇಲ್ಲ ಎಂದುಕೊಂಡರೆ ಅಪಾಯ. ತೊದಲು, ತೂರಾಟ, ನಿಧಾನಗತಿಯ ಕೈಕಾಲು ಎಲ್ಲವೂ ಹಾಗೆಯೇ ಇರುತ್ತವೆ, ಏಕೆಂದರೆ ಅವು ಗಾಬಾ ಮತ್ತು ಗ್ಲುಟಮೇಟ್ ಕಡೆಯ ವ್ಯವಹಾರ. ಮಾತ್ರೆ ತೆಗೆದುಕೊಂಡಿದ್ದೇನೆ ಎಂದು ಗಾಡಿ ಓಡಿಸುವ ಹಾಗಿಲ್ಲ.

ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬುದರ ಮೇಲೂ ಒಂದು ವಾದವಿದೆ. ಫಿನ್‌ಲೆಂಡಿನಲ್ಲಿ ಕೆಲಸ ಮಾಡಿದ ಡೇವಿಡ್ ಸಿಂಕ್ಲೇರ್, ದಿನವೂ ನುಂಗುವ ಬದಲು ಕುಡಿಯುವುದಕ್ಕೆ ಒಂದು ಗಂಟೆ ಮುಂಚೆ ಮಾತ್ರ ನುಂಗಬೇಕು ಎಂದರು. ಕುಡಿತ ಕಲಿತ ವರ್ತನೆ; ಪ್ರತಿ ಬಾರಿಯೂ ಬಹುಮಾನ ಸಿಗದೆ ಹೋದರೆ ಮೆದುಳು ಆ ಪಾಠವನ್ನು ನಿಧಾನವಾಗಿ ಮರೆಯುತ್ತದೆ ಎಂಬುದು ಅವರ ತರ್ಕ. ಈ ತರ್ಕ ನನಗೆ ಹಿಡಿಸುತ್ತದೆ. ಆದರೆ ಇದನ್ನು ರಾಮಬಾಣವೆಂದು ಕೊಂಡಾಡುವವರ ದನಿ ಎಷ್ಟು ಜೋರಾಗಿದೆಯೋ ಪುರಾವೆ ಅಷ್ಟು ಜೋರಾಗಿಲ್ಲ. ಇದೇ ಬಗೆಯಲ್ಲಿ, ಕುಡಿಯುವ ಸಂಭವವಿರುವ ದಿನ ಮಾತ್ರ ನುಂಗುವ ನಾಲ್ಮೆಫೀನ್ ಎಂಬ ಔಷಧಕ್ಕೆ ಯುರೋಪಿನಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು.

ಇಷ್ಟರಲ್ಲೇ ಎಲ್ಲ ಮುಗಿದಿದ್ದರೆ ಮದ್ಯವ್ಯಸನ ಇಷ್ಟು ಹೊತ್ತಿಗೆ ಹಳೆಯ ಕಾಯಿಲೆಗಳ ಪಟ್ಟಿ ಸೇರಬೇಕಿತ್ತು. 2014ರಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್ ಅನ್ನು 12 ಮಂದಿಗೆ ಕೊಟ್ಟರೆ, ವಿಪರೀತ ಕುಡಿತಕ್ಕೆ ಮರಳಬಹುದಾಗಿದ್ದ ಒಬ್ಬರು ಹೆಚ್ಚುವರಿಯಾಗಿ ಉಳಿಯುತ್ತಾರೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಇದು ಕಳಪೆಯೇನಲ್ಲ. ಆದರೂ ಉಳಿದ ಹನ್ನೊಂದು ಮಂದಿಯ ಪ್ರಶ್ನೆ ಹಾಗೆಯೇ ನಿಂತಿದೆ.

ಒಂದು ಕಾಲಕ್ಕೆ ಉತ್ತರ ಜೀನ್‌ನಲ್ಲಿದೆ ಎಂದು ಎಲ್ಲರೂ ಅತ್ತ ಓಡಿದರು. ಮ್ಯೂ ಗ್ರಾಹಕವನ್ನು ರೂಪಿಸುವ ಜೀನ್‌ನಲ್ಲಿ, 118ನೆಯ ಸ್ಥಾನದಲ್ಲಿ, ಕೆಲವರಿಗೆ ಒಂದು ಅಕ್ಷರ ಬೇರೆ ಇರುತ್ತದೆ. ಅಂಥವರ ಮೆದುಳಿನಲ್ಲಿ ಮದ್ಯ ಕೊಟ್ಟಾಗ ಡೋಪಮೈನ್ ಹೆಚ್ಚು ಬಿಡುಗಡೆಯಾದದ್ದನ್ನು 2011ರ ಅಧ್ಯಯನವೊಂದು ತೋರಿಸಿತು. ಅದಕ್ಕೂ ಮೊದಲು, 2003ರಲ್ಲಿ, ಹಳೆಯ ಪ್ರಯೋಗಗಳ ಮಾಹಿತಿಯನ್ನು ಮತ್ತೆ ಜಾಲಾಡಿದಾಗ ಅಂಥವರಿಗೇ ನಾಲ್ಟ್ರೆಕ್ಸೋನ್ ಚೆನ್ನಾಗಿ ನಾಟುತ್ತದೆ ಎಂದು ಕಂಡಿತ್ತು. ರಕ್ತಪರೀಕ್ಷೆ ಮಾಡಿ ಔಷಧ ಬರೆಯುವ ದಿನ ಬಂತು ಎಂದುಕೊಂಡವರಿಗೆ ನಿರಾಸೆ ಕಾದಿತ್ತು. ಜೀನ್ ನೋಡಿ ಮೊದಲೇ ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂದಾಗ ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ.

ಹೆಚ್ಚು ಬೆಳಕು ಬಂದದ್ದು ಡೈನಾರ್ಫಿನ್ ಕಡೆಯಿಂದ. ಮದ್ಯ ಹಿತದ ಓಪಿಯಾಯ್ಡ್‌ಗಳನ್ನು ಪದೇಪದೇ ಕೆರಳಿಸುತ್ತಿದ್ದರೆ ಮೆದುಳು ಸುಮ್ಮನೆ ಕೂರುವುದಿಲ್ಲ, ಎದುರು ಬಲವನ್ನು ಬೆಳೆಸುತ್ತದೆ. ದೀರ್ಘಕಾಲ ಕುಡಿದ ಪ್ರಾಣಿಗಳ ಅಕಂಬೆನ್ಸ್ ಮತ್ತು ಭಯ, ಕಳವಳಗಳಿಗೆ ಸಂಬಂಧಿಸಿದ ಅಮಿಗ್ಡಲಾಗಳಲ್ಲಿ ಡೈನಾರ್ಫಿನ್ ಮತ್ತು ಕಪ್ಪಾ ವ್ಯವಸ್ಥೆ ಬಲಗೊಳ್ಳುತ್ತದೆ. ಡೋಪಮೈನ್ ತಂತುಗಳ ತುದಿಯಲ್ಲೇ ಕಪ್ಪಾ ಗ್ರಾಹಕಗಳಿವೆ. ಅಲ್ಲಿಗೆ ಡೈನಾರ್ಫಿನ್ ಬಂದು ಅಂಟಿದರೆ ಡೋಪಮೈನ್ ಬಿಡುಗಡೆ ಕುಗ್ಗುತ್ತದೆ. ಮದ್ಯ ಒಳಗಿರುವಷ್ಟು ಹೊತ್ತು ಇದು ಗಮನಕ್ಕೆ ಬರುವುದಿಲ್ಲ. ಇಳಿದ ಮೇಲೆ ಎದುರು ಬಲವೊಂದೇ ಉಳಿಯುತ್ತದೆ. ಬೆಳಗಿನ ಕಳವಳ, ಯಾವುದರಲ್ಲೂ ರುಚಿಯಿಲ್ಲದ ಮನಸ್ಸು, ಸಣ್ಣ ಮಾತಿಗೂ ಸಿಡುಕು. ಇದಕ್ಕೆ ಅತಿ ಬೇಗ ಸಿಗುವ ಮದ್ದು ಇನ್ನೊಂದು ಲೋಟವೇ ಆಗಿರುವುದು ಈ ಕಾಯಿಲೆಯ ಕ್ರೌರ್ಯ. ಈ ಹಂತದಲ್ಲಿ ಕುಡಿಯುವವನಿಗೆ ಬೇಕಾಗಿರುವುದು ಸುಖವಲ್ಲ, ಸಮಾಧಾನ. 2008ರ ಪ್ರಯೋಗವೊಂದರಲ್ಲಿ ಕಪ್ಪಾ ಗ್ರಾಹಕವನ್ನು ಮಾತ್ರ ತಡೆಯುವ ವಸ್ತುವನ್ನು ಇಲಿಗಳಿಗೆ ಕೊಟ್ಟಾಗ ಮದ್ಯಕ್ಕೆ ಅಂಟಿಹೋಗಿದ್ದ ಇಲಿಗಳ ಕುಡಿತ ಕಡಿಮೆಯಾಯಿತು. ಅಂಟಿಹೋಗದೆ ಸುಮ್ಮನೆ ಕುಡಿಯುತ್ತಿದ್ದ ಇಲಿಗಳ ಕುಡಿತ ಬದಲಾಗಲಿಲ್ಲ. ಅಂದರೆ ಎರಡೂ ಗುಂಪು ಕುಡಿಯುತ್ತಿದ್ದದ್ದು ಒಂದೇ ದ್ರವವನ್ನು, ಎರಡು ಬೇರೆ ಕಾರಣಗಳಿಗಾಗಿ.

ಮನುಷ್ಯರಲ್ಲೂ ಹೀಗೆಯೇ ಎರಡು ಬಗೆ ಮಾಡಿ ನೋಡುವ ಪ್ರಯತ್ನಗಳು ನಡೆದಿವೆ. ಸಂತೋಷ ಹೆಚ್ಚಿಸಿಕೊಳ್ಳಲು ಕುಡಿಯುವವರು ಒಂದು ಕಡೆ, ಸಂಕಟ ಮರೆಯಲು ಕುಡಿಯುವವರು ಇನ್ನೊಂದು ಕಡೆ. ಕಷ್ಟದ ಯಂತ್ರವೇನೂ ಬೇಡ. ಯಾವ ಸಂದರ್ಭಗಳಲ್ಲಿ ಹೆಚ್ಚು ಕುಡಿಯುತ್ತೀರಿ ಎಂಬ ಪ್ರಶ್ನಾವಳಿ ಸಾಕು. 2018 ಮತ್ತು 2019ರಲ್ಲಿ ಪ್ರಕಟವಾದ ವಿಶ್ಲೇಷಣೆಗಳಲ್ಲಿ, ನಾಲ್ಟ್ರೆಕ್ಸೋನ್‌ನಿಂದ ಸ್ಪಷ್ಟ ಪ್ರಯೋಜನ ಪಡೆದವರು ಮೊದಲನೆಯ ಬಗೆಯವರು. ಮ್ಯೂ ಹಾದಿಯ ಸುಖಕ್ಕಾಗಿ ಕುಡಿಯುವವರಿಗೆ ಮ್ಯೂ ಹಾದಿ ಮುಚ್ಚಿದರೆ ಫಲ ಸಿಗುವುದು ಸಹಜವೇ. ಆ ಸುಖ ಎಂದೋ ಬತ್ತಿಹೋಗಿ ಸಂಕಟಕ್ಕಾಗಿ ಕುಡಿಯುತ್ತಿರುವವರಿಗೆ ಅದನ್ನು ಮುಚ್ಚಿ ಏನು ಮಾಡುವುದು?

ಔಷಧದ ಕಡೆಯಿಂದ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಓಪಿಯಾಯ್ಡ್ ನೋವುನಿವಾರಕ ತೆಗೆದುಕೊಳ್ಳುತ್ತಿರುವವರು ನಾಲ್ಟ್ರೆಕ್ಸೋನ್ ನುಂಗಿದರೆ ಒಮ್ಮೆಗೇ ತೀವ್ರ ವರ್ಜನೆಯ ಯಾತನೆ (ಓಪಿಯಾಯ್ಡ್ ಥಟ್ಟನೆ ನಿಂತಾಗ ಬರುವಂಥದ್ದು) ಶುರುವಾಗುತ್ತದೆ. ಕನಿಷ್ಠ ಏಳರಿಂದ ಹತ್ತು ದಿನ ಓಪಿಯಾಯ್ಡ್‌ನಿಂದ ದೂರವಿದ್ದ ಮೇಲೆಯೇ ಇದನ್ನು ಆರಂಭಿಸುತ್ತಾರೆ. ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿರುವವರಿಗೆ ಅಪಘಾತವಾದರೆ ಎಂದಿನ ಪ್ರಮಾಣದ ಮಾರ್ಫಿನ್ ನೋವು ತಗ್ಗಿಸುವುದಿಲ್ಲ, ಆದ್ದರಿಂದ ಆ ವಿಷಯ ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಬೇಕು. ಯಕೃತ್ತು ತೀವ್ರವಾಗಿ ಕೆಟ್ಟಿದ್ದರೆ ಇದು ಹೇಳಿಸಿದ ಔಷಧವಲ್ಲ. ಮುಖ್ಯವಾಗಿ, ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಥಟ್ಟನೆ ನಿಲ್ಲಿಸಿದಾಗ ಬರುವ ನಡುಕ, ಫಿಟ್ಸ್, ಭ್ರಮೆಗಳಿಗೆ ಇದು ಮದ್ದೇ ಅಲ್ಲ. ಅದು ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ. ನಿಲ್ಲಿಸುವ ಕೆಲಸ ವೈದ್ಯರ ಕಣ್ಣೆದುರಿನಲ್ಲಿ ಆಗಬೇಕು.

ಕಪ್ಪಾ ಗ್ರಾಹಕವನ್ನೇ ಗುರಿ ಮಾಡಿದ ಮಾತ್ರೆಗಳು ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದಿವೆ, ಮದ್ಯವ್ಯಸನದ ಚಿಕಿತ್ಸೆಯಾಗಿ ಇನ್ನೂ ಔಷಧದ ಅಂಗಡಿಗೆ ಬಂದಿಲ್ಲ. ನಾಲ್ಟ್ರೆಕ್ಸೋನ್ ಕೂಡ ಕಪ್ಪಾವನ್ನು ತಕ್ಕಮಟ್ಟಿಗೆ ತಡೆಯುತ್ತದೆಯಾದರೂ ಅದರ ಮುಖ್ಯ ಹಿಡಿತ ಮ್ಯೂ ಮೇಲೆ.